ಹಾಲಿನ ಹೊತ್ತಿನಲ್ಲಿ ಯಂತ್ರ ನಿಲ್ಲಿಸಬಾರದು

ನಮ್ಮ ಊರಿನಲ್ಲಿ ಯಾವ ಯಂತ್ರ ಕೈಕೊಟ್ಟರೂ ಮೊದಲ ಮದ್ದು ಒಂದೇ. ಮೈನ್ ಆಫ್ ಮಾಡಬೇಕು, ಹತ್ತು ಎಣಿಸಬೇಕು, ಆನ್ ಮಾಡಬೇಕು. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಕಲಿಸಿದ ಪಾಠ ಅದು. ಮೋಟರಿಗೆ ನಾಟಿದ್ದು ಟೀವಿಗೂ ನಾಟಿತು, ಟೀವಿಗೆ ನಾಟಿದ್ದು ಮಿಕ್ಸಿಗೂ. ಹೀಗಾಗಿ ಡೇರಿಯ ಯಂತ್ರ ಮೊದಲ ಸಲ ಹಾಲಿನ ಹೊತ್ತಿನಲ್ಲೇ ಗರ ಬಡಿದಂತೆ ನಿಂತಾಗ, ಸಾಲಿನ ತಲೆಯಲ್ಲಿದ್ದ ಅಜ್ಜಿಯೊಬ್ಬರು ಯಾರನ್ನೂ ಕೇಳದೆ ಕೈಯೆತ್ತಿ ಮೈನ್ ಇಳಿಸಿಬಿಟ್ಟರು.

ಯಂತ್ರ ಮತ್ತೆ ಎದ್ದಿತು, ನಿಜ. ಆದರೆ ಎದ್ದ ಮೇಲೆ ಹಾಲಿನ ಜಿಡ್ಡು, ಅಂದರೆ ಫ್ಯಾಟು, ನೋಡುವ ಪೆಟ್ಟಿಗೆ ಬಿಸಿಯಾಗಬೇಕು, ಅದರ ಕೊಳವೆಯನ್ನು ಎರಡು ಸಲ ತೊಳೆಯಬೇಕು, ಖಾಲಿ ಕ್ಯಾನು ಇಟ್ಟು ತಕ್ಕಡಿಯನ್ನು ಸೊನ್ನೆಗೆ ತರಬೇಕು. ಇಷ್ಟಕ್ಕೆ ಇಪ್ಪತ್ತು ನಿಮಿಷ. ಸಾಲಿನಲ್ಲಿ ಮೂವತ್ತೆಂಟು ಜನ, ಮೇಲಾಗಿ ಬೇಸಿಗೆಯ ಸಂಜೆ. ಹಾಲಿನ ಟೆಂಪೊ ಕಾಯುವುದು ಹತ್ತೇ ನಿಮಿಷ. ಆ ಸಂಜೆ ಅರ್ಧ ಊರಿನ ಹಾಲು ತಿರುಗಿ ಮನೆಗೆ ಹೋಯಿತು. ಆ ಯಂತ್ರ ಕಟ್ಟಿಕೊಟ್ಟವಳು ನಾನು.

ಡೇರಿ ನಡೆಸುವವರು ನನ್ನ ಅತ್ತಿಗೆ, ದೊಡ್ಡಣ್ಣನ ಹೆಂಡತಿ. ನಮ್ಮ ಊರು ಬೇಗೂರಿನಿಂದ ಒಳಕ್ಕೆ ನಾಲ್ಕು ಕಿಲೋಮೀಟರ್. ಮೊದಲು ಊರಿನ ಹಾಲೆಲ್ಲ ಗಂಡಸರ ಬೈಕಿನ ಮೇಲೆ ಹೆದ್ದಾರಿ ಪಕ್ಕದ ಸಂಘಕ್ಕೆ ಹೋಗುತ್ತಿತ್ತು. ಹುಲ್ಲು ತರುವವರು ಹೆಂಗಸರು, ಸಗಣಿ ಬಾಚುವವರು ಹೆಂಗಸರು, ಕರೆಯುವವರೂ ಹೆಂಗಸರು. ಹಾಲಿನ ದುಡ್ಡು ಬರುವ ಸಂಘದ ಕಾರ್ಡಿನಲ್ಲಿ ಹೆಸರು ಮಾತ್ರ ಬೈಕು ಓಡಿಸಿದವನದು. ಅತ್ತಿಗೆ ಒಂದು ವರ್ಷ ಆಫೀಸಿನಿಂದ ಆಫೀಸಿಗೆ ಅಲೆದು, ಊರಿನಲ್ಲೇ ಒಂದು ಹಾಲು ಹಾಕುವ ಕೇಂದ್ರ ತೆರೆಸಿದರು. ನಡೆದು ಬರುವಷ್ಟು ಹತ್ತಿರವಾದ ಮೇಲೆ ಹೆಂಗಸರೇ ಹಾಲು ತಂದು ಹಾಕಲು ಶುರು ಮಾಡಿದರು, ಕಾರ್ಡುಗಳ ಮೇಲಿನ ಹೆಸರು ಒಂದೊಂದಾಗಿ ಬದಲಾಯಿತು. ಒಬ್ಬ ಯಜಮಾನರು ಬಂದು ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅತ್ತಿಗೆ, "ಎಮ್ಮೆ ಒದ್ರೆ ಒದಿಸ್ಕೊಳದು ನಾವು. ಎಸ್ರು ಮಾತ್ರ ನಿಮ್ದಾ? ಬುಡಿ ಅಣ್ಣ, ಸಾಕು" ಅಂದಿದ್ದರು.

ನಾನು ಚಾಮರಾಜನಗರದ ಒಂದು ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುತ್ತೇನೆ. ಮನೆ ಗುಂಡ್ಲುಪೇಟೆಯಲ್ಲಿ. ದಿನಾ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಓಡಾಟ. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಂದ್ರಕ್ಕೆ ಯಂತ್ರ ಬೇಕೆಂದು ಅತ್ತಿಗೆ ಕೇಳಿದಾಗ ನಾನು ಕುಣಿದುಕೊಂಡು ಒಪ್ಪಿದ್ದೆ. ಅಂಗೈಯಗಲದ ಒಂದು ಬೋರ್ಡು, ಅದಕ್ಕೆ ತಕ್ಕಡಿ, ಫ್ಯಾಟಿನ ಪೆಟ್ಟಿಗೆ, ಚೀಟಿ ಮುದ್ರಿಸುವ ಪ್ರಿಂಟರ್, ಹೊರಗೆ ಎಲ್ಲರಿಗೂ ಕಾಣುವ ಹಾಗೆ ಕೆಂಪು ಅಂಕಿಯ ಫಲಕ. ಒಳಗೆ ಓಡುತ್ತಿದ್ದದ್ದು ಇಂಥ ಸಣ್ಣ ಬೋರ್ಡುಗಳಿಗೆಂದೇ ಮಾಡಿದ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್. ಒಂದು ವರ್ಷ ಅದು ಚಿನ್ನದ ಹಾಗೆ ಓಡಿತು, ನಾನು ಕಾಲೇಜಿನಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಅದನ್ನು ಹೇಳಿಕೊಂಡು ತಿರುಗಿದೆ.

ಆ ಬೇಸಿಗೆಯಲ್ಲಿ ಯಂತ್ರ ಒಂದು ಸಲವಲ್ಲ, ಒಂದೇ ತಿಂಗಳಲ್ಲಿ ಆರು ಸಲ ನಿಂತಿತು. ಆರೂ ಸಲ ಹಾಲಿನ ಹೊತ್ತಿನಲ್ಲೇ. ಕೇಂದ್ರಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಬಂದು, ಹಾಲು ಹಾಳಾಗುವುದನ್ನು ತಾನು ಮೇಲಿನವರಿಂದ ಎಷ್ಟು ದಿನ ಮುಚ್ಚಿಡಲಿ ಎಂದರು. ಮೂರು ತಿಂಗಳು ಬಿಟ್ಟು ಮತ್ತೆ ಬರುತ್ತೇನೆ, ಆಗ ಹಾಲಿನ ಹೊತ್ತಿನಲ್ಲಿ ಯಂತ್ರ ನಿಂತರೆ ಈ ಕೇಂದ್ರ ಮುಚ್ಚಿ ಹಾಲನ್ನು ಮೊದಲಿನ ಹಾಗೆ ಹೆದ್ದಾರಿ ಸಂಘಕ್ಕೇ ಹಾಕಬೇಕಾಗುತ್ತದೆ ಎಂದು ಹೇಳಿ ಹೋದರು. ಕೆಟ್ಟ ಮನುಷ್ಯರೇನಲ್ಲ. ಹೇಳುವಾಗ ಅತ್ತಿಗೆಯ ಮುಖ ನೋಡದೆ ಕ್ಯಾನುಗಳನ್ನು ನೋಡುತ್ತಾ ಹೇಳಿದರು.

ಅತ್ತಿಗೆ ನನಗೆ ಫೋನು ಮಾಡಿದರು. ಅಳುತ್ತಿರಲಿಲ್ಲ. "ಕಾರ್ಡೆಲ್ಲ ಮತ್ತೆ ಬೈಕ್‌ನೋರ ಕೈಗೋಯ್ತವೆ ಕಣಮ್ಮಿ. ಅದೊಂದಾಗ್ದಂಗೆ ಏನಾರ ಮಾಡು" ಅಂದರು. ಅವರು ಒಂದು ವರ್ಷ ನಡೆದು ಗಳಿಸಿದ್ದು ನನ್ನ ಪೆಟ್ಟಿಗೆಯಿಂದ ಕಳೆದುಹೋಗುವುದರಲ್ಲಿತ್ತು.

ಮುಂದಿನ ಭಾನುವಾರಗಳೆಲ್ಲ ಡೇರಿಯಲ್ಲೇ ಕಳೆದವು. ಮೊದಮೊದಲು ನಾನು ಬೈದದ್ದು ತಕ್ಕಡಿಯನ್ನು, ಆಮೇಲೆ ಪ್ರಿಂಟರನ್ನು, ಆಮೇಲೆ ಕರೆಂಟನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕಥೆ. ಮೂರನೆಯ ಭಾನುವಾರ ತಪ್ಪು ಸಿಕ್ಕಿತು. ಅದು ಕರ್ನಲ್‌ನಲ್ಲಿತ್ತು.

ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳನ್ನು ಕರ್ನಲ್ ಅನ್ನುತ್ತಾರೆ. ಯಂತ್ರದಲ್ಲಿರುವ ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ ಎಂದು ಹಂಚುವುದು ಅದರ ಕೆಲಸ. ರಾಗಿ ಮಡಕೆಯ ಪಕ್ಕ ಕೂತ ಮನೆಯ ಹಿರಿಯಳ ಹಾಗೆ ಅಂದುಕೊಳ್ಳಿ. ಅಂಥವಳು ಮಡಕೆಯನ್ನು ಎಂದೂ ತಳ ಕಾಣುವವರೆಗೆ ಬಳಿಯುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾರು ಎಂದು ಎರಡು ಸೇರು ಮುಟ್ಟದೆ ಇಟ್ಟಿರುತ್ತಾಳೆ. ಕರ್ನಲ್ ಕೂಡ ಒಂದಿಷ್ಟು ಜಾಗವನ್ನು ಹಾಗೇ ಮೀಸಲು ಇಡುತ್ತದೆ. ತಕ್ಕಡಿಯಿಂದ ತೂಕ ಬಂದ ಕ್ಷಣಕ್ಕೆ ಅದಕ್ಕೆ ಜಾಗ ಸಿಗಲೇಬೇಕು, ಸ್ವಲ್ಪ ತಾಳು ಎನ್ನುವ ಹಾಗಿಲ್ಲ.

ಎಷ್ಟು ಮೀಸಲು ಇಡಬೇಕು ಎಂಬುದನ್ನು ಯಾರೋ ಪುಣ್ಯಾತ್ಮರು ಕರ್ನಲ್ ಬರೆಯುವಾಗಲೇ ಒಂದು ಅಂಕಿಯಾಗಿ ಒಳಗೆ ಬರೆದಿಟ್ಟಿದ್ದರು. ನಾಲ್ಕು. ನಾಲ್ಕು ಮೆಗಾಬೈಟ್. ಮೊದಲ ವರ್ಷ ಊರಿನಲ್ಲಿ ಹದಿನೆಂಟು ಜನ ಹಾಲು ಹಾಕುತ್ತಿದ್ದಾಗ ನಾಲ್ಕು ಸಾಕಾಗಿತ್ತು. ಮೂವತ್ತೆಂಟು ಜನ ಆದ ಮೇಲೆ ತೂಕ, ಫ್ಯಾಟು, ಚೀಟಿ, ಫಲಕ ಎಲ್ಲ ಒಂದರ ಮೇಲೊಂದು ಬಂದು ಬಿದ್ದು ಮೀಸಲು ಬರಿದಾಗುತ್ತಿತ್ತು. ಆಗ ತೂಕ ಬಂದದ್ದು ಎಲ್ಲೋ ಬಿದ್ದುಹೋಗಿ, ಚೀಟಿ ಬರಿ ಕಾಗದವಾಗಿ ಹೊರಗೆ ಬಂದು, ಯಂತ್ರ ನಿಂತುಬಿಡುತ್ತಿತ್ತು.

ಇಷ್ಟೇ ತಾನೆ ಎಂದು ನಾನು ನಾಲ್ಕನ್ನು ಎಂಟು ಮಾಡಿದೆ. ಅಂಕಿ ಒಳಗೇ ಬರೆದದ್ದರಿಂದ ಇಡೀ ಕರ್ನಲನ್ನು ಹೊಸದಾಗಿ ಕಟ್ಟಬೇಕು, ಯಂತ್ರದ ಮೆಮೊರಿ ಕಾರ್ಡಿಗೆ ತುಂಬಬೇಕು, ಯಂತ್ರವನ್ನು ಆರಿಸಿ ಹೊತ್ತಿಸಬೇಕು. ಮಾಡಿದೆ. ತೂಕ ಬೀಳುವುದು ನಿಂತಿತು. ಆದರೆ ಎರಡು ದಿನ ಬಿಟ್ಟು ಇನ್ನೊಂದು ರೋಗ ಬಂತು. ಹಾಲು ಹಾಕಿಸಿಕೊಳ್ಳುತ್ತಿರುವಾಗಲೇ ಹಿಂದಿನ ದಿನಗಳ ವಿವರ ಮೇಲಿನ ಆಫೀಸಿಗೆ ಹೋಗುವುದಿದ್ದರೆ, ಅದನ್ನು ಕಳಿಸುವ ಪ್ರೋಗ್ರಾಮಿಗೆ ಜಾಗ ಸಾಲದೆ ಎಲ್ಲವೂ ತೆವಳತೊಡಗಿತು. ಒಂದು ಚೀಟಿಗೆ ಎರಡು ನಿಮಿಷ. ಮೀಸಲು ಕಡಿಮೆಯಾದರೆ ಬರಿ ಚೀಟಿ, ಹೆಚ್ಚಾದರೆ ತಡ ಚೀಟಿ. ಬೆಳಿಗ್ಗೆಗೆ ಒಂದು ಅಂಕಿ ಬೇಕು, ವಿವರ ಹೋಗುವ ಸಂಜೆಗೆ ಇನ್ನೊಂದು. ಮಳೆ ಬಿದ್ದು ಹುಲ್ಲು ಎದ್ದು ಹಾಲು ಹೆಚ್ಚಾದರೆ ಮತ್ತೊಂದು. ಪ್ರತಿ ಸಲ ನಾನು ಗುಂಡ್ಲುಪೇಟೆಯಿಂದ ಬಂದು ಕರ್ನಲ್ ಕಟ್ಟಿ ಯಂತ್ರ ಆರಿಸಿ ಹೊತ್ತಿಸುವುದಾದರೆ ಆ ಅಜ್ಜಿಗೂ ನನಗೂ ಏನು ವ್ಯತ್ಯಾಸ?

ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಅವರು ಕ್ಯಾನು ಉಜ್ಜುತ್ತಾ ಕೇಳಿಸಿಕೊಂಡರು.

"ಅದ್ಯಾಕ ಆರುಸ್ಬೇಕು?" ಅಂದರು. "ನಿಮ್ಮಣ್ಣ ತೋಟಕ್ಕೆ ನೀರು ಕಟ್ಟುವಾಗ ಟೊಮೇಟೊಗೆ ಒಸಿ ಕಮ್ಮಿ, ಅರಿಶಿನಕ್ಕೆ ಒಸಿ ಜಾಸ್ತಿ ಬುಡ್ತಾರೆ. ಅದಕ್ಕೇನು ಮೋಟ್ರು ನಿಲ್ಲುಸ್ತಾರಾ? ಮೋಟ್ರು ಓಡ್ತಾ ಇರ್ತದೆ, ಗೇಟ್‌ವಾಲ್ ತಿರುಗುಸ್ತಾರೆ. ನಿನ್ ಮಿಶಿನ್ಗೆ ಒಂದು ಗೇಟ್‌ವಾಲ್ ಇಡಕ್ಕಾಗಲ್ವ?"

ಓಡುತ್ತಿರುವ ಕರ್ನಲ್‌ನ ಸೆಟ್ಟಿಂಗ್ ಬದಲಿಸುವುದು ಲೋಕದಲ್ಲಿ ಹೊಸದೇನಲ್ಲ. ದೊಡ್ಡ ಸಿಸ್ಟಮ್‌ಗಳಲ್ಲಿ ಅಂಥ ತಿರುಪುಗಳು ನೂರಾರು ಇವೆ, ನಾನೇ ವರ್ಷವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ಸಣ್ಣ ಕರ್ನಲ್‌ಗೆ ಆ ತಿರುಪು ಇರಲಿಲ್ಲ, ಇಲ್ಲದ್ದನ್ನು ನಾನೇ ಹಾಕಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ಪಾಠ ಮಾಡುವವರ ಹಣೆಬರಹವೇ ಅಷ್ಟು, ಪಾಠ ಇನ್ನೊಬ್ಬರಿಗೆ ಅಂದುಕೊಂಡಿರುತ್ತೇವೆ.

ಹದಿನೈದು ದಿನ ಹಿಡಿಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಓದುವುದು, ಮನೆಗೆ ಬಂದು ಬರೆಯುವುದು. ಒಳಗೆ ಕಲ್ಲಿನಂತೆ ಕೂತಿದ್ದ ನಾಲ್ಕನ್ನು ತೆಗೆದು, ಆ ಜಾಗದಲ್ಲಿ ಬದಲಾಗಬಲ್ಲ ಒಂದು ಅಂಕಿ ಇಟ್ಟೆ. ಅದಕ್ಕೆ ಹೊರಗಿನಿಂದ ಒಂದು ಬಾಗಿಲು. ಯಂತ್ರ ಓಡುತ್ತಿರುವಾಗಲೇ ಅಲ್ಲಿ ಒಂದು ಅಂಕಿ ಬರೆದರೆ ಮೀಸಲು ಅಷ್ಟಕ್ಕೆ ಬದಲಾಗಬೇಕು, ಸಾಲು ನಿಲ್ಲಬಾರದು, ಬಿಸಿ ಆರಬಾರದು. ಅತ್ತಿಗೆಗಾಗಿ ಪರದೆಯ ಮೇಲೆ ಒಂದು ಚೌಕ ಮಾಡಿ, ಮೇಲೆ ಕನ್ನಡದಲ್ಲಿ ಮೀಸಲು ಎಂದು ಬರೆದೆ. ಅವರು ಓದಿ, "ಎಮ್ಮೆ ಈದಾಗ ಮೊದಲ್ನೆ ಆಲು ದೇವ್ರಿಗೆ ಮೀಸಲು ಇಡಲ್ವ, ಅಂಗೆ ಅನ್ನು. ಯಾರೂ ಮುಟ್ಟಂಗಿಲ್ಲ" ಅಂದರು. ಅವರಿಗೆ ನಾನು ಇನ್ನೇನೂ ವಿವರಿಸಬೇಕಾಗಲಿಲ್ಲ.

ಬರೆದದ್ದನ್ನು ನಾನು ಆ ಕರ್ನಲ್ ನೋಡಿಕೊಳ್ಳುವವರಿಗೂ ಕಳಿಸಿದೆ. ಬೇರೆ ಬೇರೆ ದೇಶಗಳಲ್ಲಿ ಕೂತ ಒಂದಷ್ಟು ಜನ, ಎಲ್ಲ ಮಾತುಕತೆ ಇ-ಮೇಲ್ ಪತ್ರಗಳಲ್ಲೇ. ಮೆಮೊರಿಯ ಭಾಗ ನೋಡಿಕೊಳ್ಳುವ ಹಿರಿಯರೊಬ್ಬರು ಮೂರನೆಯ ದಿನ ಉತ್ತರ ಬರೆದರು. ಅವರ ಮಾತಿನ ತಾತ್ಪರ್ಯ ಇಷ್ಟು: ಜನರ ಕೈಗೆ ತಿರುಪು ಕೊಡುವುದು ಸುಲಭ, ತಿರುಗಿಸುವವರು ತಪ್ಪು ತಿರುಗಿಸಿದರೆ ಏನಾಗುತ್ತದೆ? ಇರುವುದಕ್ಕಿಂತ ಹೆಚ್ಚು ಮೀಸಲು ಕೇಳಿದರೆ? ಸೊನ್ನೆ ಬರೆದರೆ? ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಇಲ್ಲದ ಬದಲಾವಣೆಯನ್ನು ತಾನು ಒಪ್ಪುವುದಿಲ್ಲ. ಜೊತೆಗೆ, ಬೇರೆ ಬೇರೆ ಅಂಕಿಗೆ ಯಂತ್ರ ಹೇಗೆ ನಡೆದುಕೊಂಡಿತು ಎಂಬ ನಿಜವಾದ ಅಳತೆಗಳಿದ್ದರೆ ತೋರಿಸಿ.

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲೋ ಕೂತ ಮನುಷ್ಯನಿಗೆ ನಮ್ಮ ಅತ್ತಿಗೆ ತಪ್ಪು ತಿರುಗಿಸುತ್ತಾರೆ ಎಂದು ಹೇಗೆ ಗೊತ್ತು? ಇದನ್ನು ಬಳಸುವವರು ಮೂವತ್ತು ವರ್ಷದಿಂದ ಹಾಲು ಅಳೆಯುತ್ತಿರುವ ಹೆಂಗಸು, ಅವರಿಗೆ ಎಂಟು ಅಂದರೆ ಎಂಟು ಎಂದು ಗೊತ್ತಿದೆ, ನಿಮ್ಮ ಮಿತಿ ನಿಮ್ಮ ಹತ್ತಿರ ಇರಲಿ ಎಂಬರ್ಥದಲ್ಲಿ ಖಾರವಾಗಿ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ನಾನೇ ಗೆದ್ದೆ ಎಂದುಕೊಂಡೆ. ಅವರ ಒಪ್ಪಿಗೆ ಯಾರಿಗೆ ಬೇಕು ಎಂದು ಹೊಸ ಕರ್ನಲನ್ನು ನಮ್ಮ ಡೇರಿ ಯಂತ್ರಕ್ಕೆ ತುಂಬಿಯೂಬಿಟ್ಟೆ.

ಓಡಿತು, ಮತ್ತೇನು! ಬೆಳಿಗ್ಗೆ ಎಂಟು, ಸಂಜೆ ಐದು ಎಂದು ಅತ್ತಿಗೆಗೆ ಹೇಳಿಕೊಟ್ಟಿದ್ದೆ. ಅವರು ಚೌಕದಲ್ಲಿ ಅಂಕಿ ಒತ್ತುತ್ತಿದ್ದರು, ಸಾಲು ನಡೆಯುತ್ತಿತ್ತು, ಮೈನ್ ಕಡೆ ಯಾರೂ ಕೈ ಎತ್ತಲಿಲ್ಲ. ಎರಡು ವಾರ ನಾನು ಬಸ್ಸಿನಲ್ಲಿ ಸೀಟು ಸಿಗದೆ ನಿಂತರೂ ನಗುತ್ತಾ ನಿಂತಿದ್ದೆ.

ಮೂರನೆಯ ಭಾನುವಾರ ಬೆಳಿಗ್ಗೆ ನಾನು ಊರಿನಲ್ಲೇ ಇದ್ದೆ. ಹನ್ನೊಂದನೆಯವರ ಹಾಲು ತಕ್ಕಡಿಯ ಮೇಲಿದ್ದಾಗ ಚೀಟಿ ಮುದ್ರಿಸುವ ಪ್ರೋಗ್ರಾಮು ಸತ್ತಿತು, ಹಿಂದೆಯೇ ಫಲಕದ್ದು, ಆಮೇಲೆ ಇಡೀ ಯಂತ್ರ. ಓಡಿಹೋಗಿ ನೋಡಿದೆ. ಮೀಸಲಿನ ಚೌಕದಲ್ಲಿ ಇಪ್ಪತ್ತೆರಡು ಎಂದಿತ್ತು.

"ಅತ್ಗೆ, ಎಂಟು ಅಂತ ಹೇಳಿರಲಿಲ್ವಾ ನಾನು? ಎಂಟು! ಯಾರು ಇಪ್ಪತ್ತೆರಡು ಒತ್ತಿದ್ದು?" ಎಂದು ಅಷ್ಟೂ ಜನರ ಮುಂದೆ ಕೂಗಾಡಿದೆ. ಒಂದು ಅಂಕಿ ನೆಟ್ಟಗೆ ಒತ್ತಲು ಬರದವರಿಗೆ ಯಂತ್ರ ಯಾಕೆ ಎಂದೂ ಅಂದುಬಿಟ್ಟೆ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡರು. "ಎಂಟೇ ಒತ್ತಿದ್ದೆ ಮೊದಲ್ನೆ ದಿಸ. ಚೆನ್ನಾಗೋಡ್ತು. ಮಾರನೆ ದಿಸ ಒಂದು ಕೊಸರು ಇರ್ಲಿ ಅಂತ ಒಂಬತ್ತು ಮಾಡ್ದೆ. ಆಮೇಕೆ ದಿನಾ ಒಂದೊಂದು. ಅಳತೆ ಅಂದ್ಮೇಲೆ ಕೊಸರು ಬುಟ್ಟು ಅಳೆಯದಾ? ನಿಮ್ಮವ್ವನೇ ನನಗೆ ಕಲಿಸ್ಕೊಟ್ಟಿದ್ದು" ಅಂದರು.

ನಮ್ಮ ಕಡೆ ಯಾವ ಅಳತೆಯೂ ಕೊಸರಿಲ್ಲದೆ ಮುಗಿಯುವುದಿಲ್ಲ. ರಾಗಿ ಅಳೆದರೆ ಮೇಲೊಂದು ಹಿಡಿ, ಹಾಲು ಅಳೆದರೆ ಮೇಲೊಂದು ಸೌಟು. ಕೊಸರು ಹಾಕದೆ ಅಳೆದವಳ ಕೈ ಬಗ್ಗೆ ಊರು ಮಾತಾಡಿಕೊಳ್ಳುತ್ತದೆ. ನನ್ನ ಅವ್ವನ ಮನೆಗೆ ಸೊಸೆಯಾಗಿ ಬಂದ ಹೆಂಗಸು ಒಂದು ಅಂಕಿಗೆ ಕೊಸರು ಹಾಕಿದ್ದರಲ್ಲಿ ತಪ್ಪೇನಿತ್ತು? ಯಂತ್ರ ಚೆನ್ನಾಗಿ ಓಡಿದ ಸಂತೋಷಕ್ಕೆ ಅವರು ಹಾಕಿದ ಕೊಸರು ಅದು. ಅತಿಯಾದರೆ ಅಮೃತವೂ ವಿಷ ಎಂದು ಹೇಳಬೇಕಾದದ್ದು ಅವರಲ್ಲ, ನನ್ನ ಕರ್ನಲ್. ಅದು ಬಾಯಿ ಬಿಡದೆ ಇಪ್ಪತ್ತೆರಡನ್ನೂ ಒಪ್ಪಿಕೊಂಡು, ಆ ಮೀಸಲು ತುಂಬಿಸಲು ಓಡುತ್ತಿದ್ದ ಪ್ರೋಗ್ರಾಮುಗಳನ್ನೇ ಒಂದೊಂದಾಗಿ ಹೊರಗೆ ಹಾಕಿತ್ತು. ಆ ಹಿರಿಯರು ಕೇಳಿದ್ದು ಇದನ್ನೇ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆ ನನಗೆ ಮುದ್ದೆ ಬಡಿಸಿದರು, ಉಪ್ಪೆಸರು ಹಾಕಿದರು. ನಾನೇ, "ತಪ್ಪು ನನ್ನದು ಅತ್ಗೆ. ನಿಮ್ಮ ಕೈಗೆ ಕೊಡುವಾಗ ಎಲ್ಲಿ ನಿಲ್ಲಬೇಕು ಅಂತ ಯಂತ್ರಕ್ಕೇ ಹೇಳಿರಬೇಕಿತ್ತು" ಅಂದೆ. ಅವರು ತುಪ್ಪದ ಗಿಂಡಿ ಮುಂದಕ್ಕೆ ತಳ್ಳಿದರು. ಬಳಿಕ ಎದ್ದು ಹೋಗಿ ಡೇರಿಯ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ತಂದು ನನ್ನ ಮುಂದೆ ಹಾಕಿದರು.

ಪ್ರತಿ ದಿನದ ಚೌಕದಲ್ಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ಎರಡು ಅಂಕಿ ಇದ್ದವು, ಒಂದು ಬೆಳಿಗ್ಗೆಯದು, ಒಂದು ಸಂಜೆಯದು. ಪಕ್ಕದಲ್ಲಿ ಒಂದೊಂದು ಅಕ್ಷರ. ಬರಿ ಚೀಟಿ ಬಂದ ದಿನ ಬ, ತಡವಾದ ದಿನ ತ, ಏನೂ ತೊಂದರೆ ಇಲ್ಲದ ದಿನ ಒಂದು ಚುಕ್ಕೆ. ಮಳೆ ಬಂದ ದಿನಕ್ಕೆ ಒಂದು ಗೀಟು. ಹತ್ತು, ಹನ್ನೊಂದು ದಾಟಿದ ಮೇಲೆ ತ ಹೆಚ್ಚಾಗುತ್ತಾ ಬಂದಿರುವುದು ಎದ್ದು ಕಾಣುತ್ತಿತ್ತು.

"ತಡ ಆಗ್ತಿರದು ನನಗೂ ಕಂಡಿತ್ತು ಕಣಮ್ಮಿ. ಕೊಸರಿಂದ ಅಂತ ಗೊತ್ತಾಗ್ನಿಲ್ಲ, ಅಷ್ಟೇಯ" ಅಂದರು.

ಅಳತೆ ತೋರಿಸಿ ಎಂದು ಹಿರಿಯರು ಕೇಳಿದ್ದರಲ್ಲ, ಅಳತೆ ಅಂದರೆ ಇದು. ನಾನು ಕೂತು ಮತ್ತೆ ಬರೆದೆ. ಅಂಕಿ ಎರಡಕ್ಕಿಂತ ಕೆಳಗೆ ಇಳಿಯದ ಹಾಗೆ, ಹನ್ನೆರಡಕ್ಕಿಂತ ಮೇಲೆ ಏರದ ಹಾಗೆ ಮಾಡಿದೆ. ಮಿತಿ ದಾಟಿ ಯಾರಾದರೂ ಒತ್ತಿದರೆ ಕರ್ನಲ್ ಒಪ್ಪದೆ ಹಳೆಯ ಅಂಕಿಯನ್ನೇ ಉಳಿಸಿಕೊಂಡು, ಒಪ್ಪಲಿಲ್ಲ ಎಂದು ಹೇಳುತ್ತದೆ. ಹೆಚ್ಚಿಸಿದರೆ ಒಮ್ಮೆಗೇ ಕಿತ್ತುಕೊಳ್ಳದೆ, ಜಾಗ ಖಾಲಿಯಾದ ಹಾಗೆ ಸ್ವಲ್ಪಸ್ವಲ್ಪವೇ ತುಂಬಿಕೊಳ್ಳುತ್ತದೆ. ಕ್ಯಾಲೆಂಡರನ್ನು ಅಚ್ಚುಕಟ್ಟಾದ ಪಟ್ಟಿಯಾಗಿ ಬರೆದು ಜೊತೆಗೆ ಕಳಿಸಿದೆ. ಪತ್ರದ ಮೊದಲ ಸಾಲಿನಲ್ಲಿ, ನೀವು ಹೇಳಿದ್ದು ಸರಿ, ನಾನು ಒರಟಾಗಿ ಬರೆದೆ, ಕ್ಷಮಿಸಿ ಎಂದು ಬರೆದೆ. ಆ ಸಾಲು ಬರೆಯಲು ಕರ್ನಲ್ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಅವರು ಒರಟಿನ ಮಾತೇ ಎತ್ತಲಿಲ್ಲ. ಪಟ್ಟಿಯನ್ನು ಮಾತ್ರ ತುಂಬ ಮೆಚ್ಚಿದರು. ಮಳೆಯ ದಿನಗಳನ್ನೂ ಗುರುತು ಮಾಡಿದವರು ಯಾರು ಎಂದು ಕೇಳಿದರು. ಇಂಥ ಬದಲಾವಣೆಯ ಕೆಳಗೆ ಬರೆದವರ ಹೆಸರಿನ ಜೊತೆಗೆ ಪರೀಕ್ಷಿಸಿದವರ ಹೆಸರನ್ನೂ ಹಾಕುವ ಪದ್ಧತಿ ಇದೆ. ಅಲ್ಲಿ ಅತ್ತಿಗೆಯ ಹೆಸರು ಹಾಕಿದೆ. ಎರಡೇ ವಾರದಲ್ಲಿ ನಮ್ಮ ಬದಲಾವಣೆ ಕರ್ನಲ್‌ಗೆ ಸೇರಿತು. ಅತ್ತಿಗೆಗೆ ಅವರ ಹೆಸರನ್ನು ಪರದೆಯ ಮೇಲೆ ತೋರಿಸಿದೆ. ಇಂಗ್ಲಿಷಿನ ನಡುವೆ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. "ಇದನ್ನ ಸೂಪರ್‌ವೈಸ್ರು ನೋಡ್ತಾರಾ?" ಎಂದು ಕೇಳಿದರು. ಇಲ್ಲ ಅಂದೆ. "ಅಂಗಾದ್ರೆ ಮಿಶಿನ್ ನೆಟ್ಟಗೆ ಓಡ್ಲಿ, ಅದೊಂದು ಸಾಕು" ಅಂದರು.

ಸೂಪರ್‌ವೈಸರ್ ಬರುವ ದಿನ ಗೊತ್ತಾಯಿತು. ಅವತ್ತೇ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ, ರಜೆ ಕೊಡುವುದಿಲ್ಲ. ಪರೀಕ್ಷೆಯ ಕೋಣೆಯೊಳಗೆ ಫೋನು ತರುವ ಹಾಗೂ ಇಲ್ಲ. ಸಂಜೆ ಐದಕ್ಕೆ ಹಾಲು ಶುರುವಾಗುತ್ತದೆ. ಐದೂ ಕಾಲಿಗೆ ಹೊರಗೆ ಬಂದು ಬೀರುವಿನಿಂದ ಫೋನು ತೆಗೆದು ನೋಡಿದರೆ ಅತ್ತಿಗೆಯಿಂದ ಒಂದು ಕರೆಯೂ ಇಲ್ಲ. ಹಾಲಿನ ಹೊತ್ತಿನಲ್ಲಿ ನಾನು ಮಾಡಿದರೆ ಅವರು ಎತ್ತುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಅಲ್ಲಿಂದ ಮೈಸೂರು ಬಸ್ಸಿನಲ್ಲಿ ಬೇಗೂರಿಗೆ, ಬೇಗೂರಿನಿಂದ ಆಟೊ. ಇಷ್ಟೂ ದೂರ ಅವರಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಯಾವುದೂ ಸರಿಯಾಗಿ ಕೂಡಲಿಲ್ಲ.

ನಾನು ತಲುಪುವಷ್ಟರಲ್ಲಿ ಹಾಲಿನ ಟೆಂಪೊ ಹೋಗಿಯಾಗಿತ್ತು. ಡೇರಿಯ ನೆಲ ತೊಳೆದು ಬಾಗಿಲು ತೆರೆದಿಟ್ಟಿದ್ದರು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಂಡಿದ್ದರು. ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

"ಏನಾಯ್ತು ಅತ್ಗೆ?"

"ಏನಾಯ್ತದೆ? ಸಾಲು ಅರ್ಧ ಆಗಿತ್ತು. ಆವಯ್ಯ ಬಂದೋನು ಸುಮ್ಕಿರದೆ, ಒಂದು ತಿಂಗ್ಳಿಂದು ಎಲ್ಲ ಪ್ರಿಂಟ್ ತೆಕ್ಕೊಡಮ್ಮ ಅಂದ. ಕೊಟ್ಟೆ. ಚೀಟಿ ಬರದು ನಿಧಾನ ಆಗೋಯ್ತು. ಮಿಶಿನ್ ನಿಂತೋಯ್ತಲ್ಲಮ್ಮ, ಆಫ್ ಮಾಡಿ ಆನ್ ಮಾಡು ಅಂತ ಅವನೇ ಮೈನ್ ತಾವಕ್ಕೆ ಓದ. ನಾ ಅಡ್ಡ ನಿಂತ್ಕಂಡೆ. ಬ್ಯಾಡಿ ಸಾ, ಅದು ನಿಂತಿಲ್ಲ, ಜಾಗ ಕೇಳ್ತದೆ ಅಂದೆ. ಜನ ಜಾಸ್ತಿ ಅಂತ ಎಂಟು ಇಟ್ಟಿದ್ದೆ, ಅದ್ನ ಆರು ಮಾಡ್ದೆ. ನಾಕು ಜನ ಆಲು ಆಕದ್ರೊಳಗೆ ಸರಿಯಾಯ್ತು."

ಆರು! ಜನ ಜಾಸ್ತಿ ಇದ್ದ ಸಂಜೆ. ನಾನು ಪಕ್ಕದಲ್ಲಿದ್ದಿದ್ದರೆ ಸಾಲು ನೋಡಿದ ಗಾಬರಿಗೆ ಹತ್ತು ಮಾಡಿ ಎಂದು ಕಿರುಚುತ್ತಿದ್ದೆ, ಯಂತ್ರ ಖಂಡಿತ ಮಕಾಡೆ ಮಲಗುತ್ತಿತ್ತು. ಪ್ರಿಂಟ್ ತೆಗೆಯುವುದಕ್ಕೆ ಜಾಗ ಬೇಕು, ಅದಕ್ಕೆ ಮೀಸಲು ತಗ್ಗಿಸಬೇಕು ಎಂದು ನಾನು ಅವರಿಗೆ ಎಂದೂ ಹೇಳಿಕೊಟ್ಟಿರಲಿಲ್ಲ.

"ಆರು ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಚೀಟಿ ತಡ ಆದ್ರೆ ಇಳುಸ್ಬೇಕು, ಬರಿ ಚೀಟಿ ಬಂದ್ರೆ ಏರುಸ್ಬೇಕು. ದಿನಾ ನೋಡೋಳಿಗೆ ಅಷ್ಟೂ ಗೊತ್ತಾಗಲ್ವ?"

ನನಗೆ ಅಳು ಬಂತು. ಸಂತೋಷಕ್ಕೋ, ನಾನಿಲ್ಲದೆಯೂ ನಡೆಯಿತಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚಿಗೋ, ಎರಡಕ್ಕೂ ಇರಬೇಕು. ಸೂಪರ್‌ವೈಸರ್ ಕೊನೆಯ ಪಾತ್ರೆಯವರೆಗೂ ನಿಂತು ನೋಡಿ, ಕೇಂದ್ರ ಮುಚ್ಚುವ ಮಾತಿಲ್ಲ ಎಂದು ವರದಿ ಬರೆದು, ಅತ್ತಿಗೆಗೆ ಓದಿ ಹೇಳಿ ಹೋಗಿದ್ದರು. ಕಾರ್ಡುಗಳು ಕಪಾಟಿನಲ್ಲಿ ತಮ್ಮ ತಮ್ಮ ಜಾಗದಲ್ಲಿದ್ದವು.

ಅತ್ತಿಗೆ ಎದ್ದು ಬಾಗಿಲಿಗೆ ಬೀಗ ಹಾಕಿದರು. "ನಾಳೆ ಬೆಳಗಿನ ಆಲು ಮುಗಿಸ್ಕಂಡು ಅಂಗಳಕ್ಕೆ ಓಗ್ಬೇಕು" ಅಂದರು. ಹಂಗಳ ಗುಂಡ್ಲುಪೇಟೆಯಿಂದಾಚೆ, ಕಾಡಿನ ಅಂಚಿನ ಊರು. "ಅಲ್ಲೂ ಒಂದು ಎಂಗಸ್ರ ಡೇರಿ ಅದಂತೆ. ನಮ್ಮಂತದೇ ಮಿಶಿನಂತೆ, ದಿನಾ ನಿಲ್ತದಂತೆ. ಬಂದು ಏಳ್ಕೊಡಮ್ಮ ಅಂದ ಆವಯ್ಯ."

"ನಾನೂ ಬರ್ತೀನಿ. ನಾಳೆ ಮಧ್ಯಾಹ್ನದ ತನಕ ನನಗೆ ಕೆಲಸ ಇಲ್ಲ, ಕರ್ನಲ್ ತುಂಬಿಕೊಟ್ಟು..."

"ತುಂಬಿದ್ ಕಾರ್ಡು ಕೊಡು, ತಕ್ಕೊಂಡೋಯ್ತಿನಿ. ನೀ ಬರ್ಬ್ಯಾಡ ಕಣಮ್ಮಿ" ಅಂದರು ಅತ್ತಿಗೆ. ನಗುತ್ತಿದ್ದರು, ಆದರೆ ತಮಾಷೆಗೆ ಹೇಳಿದ್ದಲ್ಲ. "ಅವ್ರು ಇನ್ನೂ ಕಲೀಬೇಕು. ತಪ್ಪು ಒತ್ತುತಾರೆ. ನೀನು ಕೂಗ್ತೀಯ."

ಮಾರನೆಯ ದಿನ ಬೆಳಿಗ್ಗೆ ನಾನು ಮೆಮೊರಿ ಕಾರ್ಡನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ. ಹಾಲು ಮುಗಿದ ಮೇಲೆ ಅವರು ಸೀರೆ ಬದಲಿಸಿ, ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ಸು ಹತ್ತಿದರು. ನಾನು ಹೋಗಲಿಲ್ಲ.